1/35 ಅಳತೆಯ ಟಿ-55 ಟ್ಯಾಂಕ್‌ಗೆ ಮೋಟಾರ್, ದೀಪ ಹಾಕಿದ ಕಥೆ

ಪ್ಲಾಸ್ಟಿಕ್ ಟ್ಯಾಂಕ್ ಕಿಟ್ ತರಿಸಿ, ಜೋಡಿಸಿ, ಬಣ್ಣ ಹಚ್ಚಿ, ಕಪಾಟಿನಲ್ಲಿಡುವವರು ನಮ್ಮಲ್ಲೂ ಈಗ ಸಾಕಷ್ಟು ಜನ ಇದ್ದಾರೆ. ನಾನೂ ಬಹಳ ಕಾಲ ಅದನ್ನೇ ಮಾಡಿದೆ. ಆದರೆ ಟ್ಯಾಂಕ್ ಅಂದ್ರೆ ಓಡೋ ಗಾಡಿ ಅಲ್ವಾ? ಅದರ ಚೈನು ಸುತ್ತಬೇಕು, ಟರೆಟ್ (ತೋಪು ಇರುವ ಮೇಲಿನ ಗೋಪುರ) ತಿರುಗಬೇಕು, ಕತ್ತಲಲ್ಲಿ ದೀಪ ಹತ್ತಬೇಕು ಅನ್ನೋ ಆಸೆ ತಲೆಯಲ್ಲಿ ಹೊಕ್ಕ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ. ಕಪಾಟಿನಲ್ಲಿಡೋಕೆ ಮಾಡಿದ ಕಿಟ್ ಒಂದಕ್ಕೆ ಎರಡು ಮೋಟಾರ್ ಕೂರಿಸಿ, ದೀಪಗಳನ್ನು ಹಾಕಿ, ಮೊಬೈಲ್‌ನಿಂದ ಓಡಿಸುವ ಹಾಗೆ ಮಾಡಿದೆ. ಅದು ಹೇಗಾಯಿತು ಅಂತ ಬರೀತಿದ್ದೇನೆ. ಮೊದಲೇ ಒಂದು ಮಾತು. ಟ್ಯಾಂಕ್ ನಿಜವಾದದ್ದರ ಹಾಗೆ ಕಾಣಬೇಕಾದರೆ ಅದು ನಿಧಾನವಾಗಿ ಓಡಬೇಕು, ದೀಪ ಮಂದವಾಗಿ ಉರಿಯಬೇಕು. ಜೋರಾಗಿ ಓಡಿ ಫಳಫಳ ಹೊಳೆದರೆ ಅದು ಆಟಿಕೆ. ಕೆಳಗೆ ಬರೆದ ಬಹುಪಾಲು ಕೆಲಸ ಆ ನಿಧಾನ ಮತ್ತು ಆ ಮಂದ ಬೆಳಕಿಗಾಗಿಯೇ ಮಾಡಿದ್ದು.

ಈ 1/35 ಅನ್ನೋ ಅಳತೆ ಹುಟ್ಟಿದ್ದೇ ಮೋಟಾರಿನಿಂದ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಆಗ ಒಳಗೆ ಮೋಟಾರು, ಬ್ಯಾಟರಿ ಹಿಡಿಯಬೇಕು ಅಂತ ನೋಡಿಯೇ ಮೈಯ ಗಾತ್ರ ಇಟ್ಟುಕೊಂಡರು. ಆಮೇಲೆ ಲೆಕ್ಕ ಹಾಕಿದರೆ ಅದು ನಿಜವಾದ ಟ್ಯಾಂಕಿನ ಮೂವತ್ತೈದನೇ ಒಂದು ಭಾಗದಷ್ಟು ಬಂತು. ಅಲ್ಲಿಂದ ಮುಂದೆ ಆ ಅಳತೆಯೇ ಉಳಿದುಬಿಟ್ಟಿತು. ವರ್ಷ ಕಳೆದಂತೆ ಕಿಟ್‌ಗಳಲ್ಲಿ ಸಣ್ಣ ಸಣ್ಣ ವಿವರ ಜಾಸ್ತಿಯಾಯಿತು, ಮೋಟಾರ್ ಹೋಯಿತು. ಹಾಗಾಗಿ ನಾವು ಮಾಡ್ತಿರೋದು ವಿಚಿತ್ರ ಪ್ರಯೋಗ ಏನಲ್ಲ. ಅಲ್ಲಿ ಮೊದಲು ಇದ್ದದ್ದನ್ನು ವಾಪಸ್ ಹಾಕ್ತಿದ್ದೇವೆ ಅಷ್ಟೇ.

ನಾನು ಆರಿಸಿಕೊಂಡಿದ್ದು ತಮಿಯಾದ ಟಿ-55ಎ. ನಮ್ಮ ಸೇನೆಯಲ್ಲಿ ದೀರ್ಘಕಾಲ ಇದ್ದ ಸೋವಿಯತ್ ಟ್ಯಾಂಕ್, 1971ರ ಯುದ್ಧದಲ್ಲೂ ಇತ್ತು. 36 ಟನ್ ತೂಕ, 100 ಮಿ.ಮೀ. ತೋಪು, ರಸ್ತೆಯಲ್ಲಿ ಗಂಟೆಗೆ ಸುಮಾರು 50 ಕಿ.ಮೀ. ವೇಗ. ಇನ್ನೊಂದು ಕಾರಣ, ಇದನ್ನು ಹತ್ತಿರದಿಂದ ನೋಡೋಕೆ ಬಹಳ ದೂರ ಹೋಗಬೇಕಿಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಲ್ಲಿ ಮ್ಯೂಸಿಯಂ ಆಯಿತಲ್ಲ, ಅದರ ಅಂಗಳದಲ್ಲೇ ಒಂದು ಟಿ-55 ನಿಂತಿದೆ. ಕೆಲಸ ಶುರು ಮಾಡುವ ಮುಂಚೆ ಅಲ್ಲಿಗೆ ಹೋಗಿ ಮುಂದಿನಿಂದ, ಹಿಂದಿನಿಂದ, ಚಕ್ರದ ಮಟ್ಟಕ್ಕೆ ಕೂತು ಫೋಟೋ ತೆಗೆದುಕೊಂಡು ಬಂದೆ. ಕಿಟ್ಟಿನ ಜೊತೆ ಬರೋ ಹಾಳೆಯಲ್ಲಿ ಭಾಗ ಎಲ್ಲಿ ಅಂಟಿಸಬೇಕು ಅಂತ ಇರುತ್ತದೆ, ದೀಪಕ್ಕೆ ವೈರು ಎಲ್ಲಿಂದ ಬರುತ್ತದೆ ಅಂತ ಇರೋದಿಲ್ಲ. ಅದನ್ನು ಕಣ್ಣಲ್ಲಿ ನೋಡಬೇಕು.

ಮೊದಲ ಪ್ರಶ್ನೆ ಜಾಗದ್ದು. ಟಿ-55ರ ಅಗಲ 3.27 ಮೀಟರ್. 35ರಿಂದ ಭಾಗಿಸಿದರೆ 93 ಮಿ.ಮೀ. ಎರಡು ಕಡೆಯ ಟ್ರ್ಯಾಕ್, ಅಂದರೆ ಚೈನು, ಕಳೆದರೆ ಮಧ್ಯದ ಡಬ್ಬಿಗೆ ಉಳಿಯೋದು ಸುಮಾರು 60 ಮಿ.ಮೀ., ಗೋಡೆಯ ದಪ್ಪ ಕಳೆದರೆ ಇನ್ನೂ ಕಮ್ಮಿ. ಟಿ-55ರಲ್ಲಿ ಟ್ರ್ಯಾಕ್ ಎಳೆಯುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಹಿಂದುಗಡೆ ಇದೆ. ಎರಡು ಮೋಟಾರ್ ಬೆನ್ನಿಗೆ ಬೆನ್ನು ಕೊಟ್ಟು ಅಲ್ಲೇ ಕೂರಬೇಕು. ಇದಕ್ಕೆ ಎನ್20 ಗೇರ್ ಮೋಟಾರ್ ಹೇಳಿ ಮಾಡಿಸಿದ ಹಾಗಿದೆ. 12 ಮಿ.ಮೀ. ಅಗಲ, 10 ಮಿ.ಮೀ. ಎತ್ತರ, ಗೇರ್‌ಬಾಕ್ಸ್ ಸೇರಿ ಸುಮಾರು 24 ಮಿ.ಮೀ. ಉದ್ದ. ಎರಡು ಸೇರಿದರೆ 48. ಹಿಂದಿನ ಟರ್ಮಿನಲ್‌ಗಳಿಗೆ ವೈರು ಬೆಸೆಯೋಕೆ ಎರಡು ಮೂರು ಮಿಲಿಮೀಟರ್ ಬೇಕು. ಅಷ್ಟು ಜಾಗ ಸಿಕ್ಕಿತು, ಅದಕ್ಕಿಂತ ಜಾಸ್ತಿ ಇಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎನ್20 ಕೇಳಿದರೆ ಅಂಗಡಿಯವರು ಮೊದಲು ಕೇಳೋದು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಸುತ್ತು, ಎಷ್ಟು ಅಂತ. ಆ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋಗೋದು ಒಳ್ಳೆಯದು. ನಿಜವಾದ ಟ್ಯಾಂಕಿನ 50 ಕಿ.ಮೀ. ವೇಗವನ್ನು 35ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 40 ಸೆಂ.ಮೀ. ಆಗುತ್ತದೆ. ಆದರೆ ಅದು ಒಳ್ಳೇ ರಸ್ತೆಯಲ್ಲಿ ಪೂರ್ತಿ ಜೋರು. ಮಣ್ಣಿನಲ್ಲಿ, ಹೊಲದಲ್ಲಿ ಟ್ಯಾಂಕ್ ಹೋಗೋದು ಅದಕ್ಕಿಂತ ಬಹಳ ನಿಧಾನವಾಗಿ. ಮಾದರಿಯ ಸ್ಪ್ರಾಕೆಟ್ ಒಂದು ಸುತ್ತು ಹಾಕಿದರೆ ಟ್ಯಾಂಕ್ ಸುಮಾರು 5 ಸೆಂ.ಮೀ. ಮುಂದೆ ಹೋಗುತ್ತದೆ. 6 ವೋಲ್ಟ್‌ಗೆ 200 ಆರ್‌ಪಿಎಂ ಇರುವ ಮೋಟಾರನ್ನು 3.7 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿದರೆ 120ರ ಆಸುಪಾಸು ಸಿಗುತ್ತದೆ, ಅಂದರೆ ಸೆಕೆಂಡಿಗೆ 10 ಸೆಂ.ಮೀ. ನಿಜವಾದ ಅಳತೆಗೆ ತಂದರೆ ಗಂಟೆಗೆ 13 ಕಿ.ಮೀ. ಇದೇ ಬೇಕಾಗಿದ್ದು. ಅಂಗಡಿಯಲ್ಲಿ 500, 600 ಆರ್‌ಪಿಎಂದೂ ಕೈಗೆ ಕೊಡ್ತಾರೆ, ರೋಬೊ ಕಾರಿಗೆ ಅದು ಸರಿ. ಟ್ಯಾಂಕ್‌ಗೆ ಹಾಕಿದರೆ ಇಲಿ ಓಡಿದ ಹಾಗೆ ಓಡುತ್ತದೆ.

ಕಪಾಟಿನ ಕಿಟ್‌ನಲ್ಲಿ ಚಕ್ರ ಭಾರ ಹೊತ್ತು ಉರುಳಲಿ ಅಂತ ಯಾರೂ ವಿನ್ಯಾಸ ಮಾಡಿರೋದಿಲ್ಲ. ಅದರ ಪ್ಲಾಸ್ಟಿಕ್ ಅಕ್ಷಗಳು ಸ್ವಲ್ಪ ಹೊತ್ತು ಓಡಿದರೆ ಸವೆದು ಅಲ್ಲಾಡುತ್ತವೆ. ನಾನು ಆ ಅಕ್ಷಗಳನ್ನೆಲ್ಲ ಕತ್ತರಿಸಿ ತೆಗೆದು ಸೈಕಲ್ ಕಡ್ಡಿ ಹಾಕಿದೆ. ಸೈಕಲ್ ಕಡ್ಡಿ ಸಾಮಾನ್ಯವಾಗಿ 2 ಮಿ.ಮೀ. ಇರುತ್ತದೆ, ಗಟ್ಟಿ, ನುಣುಪು, ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಚಕ್ರಕ್ಕೆ ತೂತು ದೊಡ್ಡದು ಮಾಡಿ ಒಳಗೆ ಸಣ್ಣ ಹಿತ್ತಾಳೆ ಕೊಳವೆ ಕೂರಿಸಿ ಎಪಾಕ್ಸಿ ಅಂಟು ಹಾಕಿದೆ. ಕಡ್ಡಿಯ ಮೇಲೆ ಹಿತ್ತಾಳೆ ತಿರುಗುತ್ತದೆ, ಹೊಲಿಗೆ ಮಷಿನ್ ಎಣ್ಣೆ ಒಂದು ತೊಟ್ಟು ಸಾಕು. ಸ್ಪ್ರಾಕೆಟ್‌ಗೂ ಇದೇ ಉಪಾಯ. ಎನ್20 ಶಾಫ್ಟ್ 3 ಮಿ.ಮೀ., ಒಂದು ಕಡೆ ಚಪ್ಪಟೆ. ಆ ಚಪ್ಪಟೆ ಜಾಗದಲ್ಲಿ ಎಪಾಕ್ಸಿ ತುಂಬಿಕೊಂಡರೆ ಅದೇ ಬೀಗದ ಕೆಲಸ ಮಾಡುತ್ತದೆ, ಜಾರೋದಿಲ್ಲ. ಎರಡು ಕಡೆಯ ಸ್ಪ್ರಾಕೆಟ್ ಒಂದೇ ನೇರದಲ್ಲಿ ಇರಬೇಕು, ಅದಕ್ಕೆ ಎಪಾಕ್ಸಿ ಒಣಗುವ ತನಕ ಎರಡರ ಮಧ್ಯೆ ಉದ್ದ ಕಡ್ಡಿ ತೂರಿಸಿ ಇಟ್ಟಿದ್ದೆ.

ಟ್ರ್ಯಾಕ್ ವಿಷಯಕ್ಕೆ ಬಂದರೆ, ಕಿಟ್ ಜೊತೆ ಬರೋದು ವಿನೈಲ್ ಪಟ್ಟಿ. ಅದು ಬಿಗಿ, ಮೋಟಾರಿಗೆ ಸುಮ್ನೆ ಹೊರೆ. ನೋಡೋಕೂ ಸರಿಯಿಲ್ಲ, ಯಾಕಂದ್ರೆ ಟಿ-55ಗೆ ಮೇಲುಗಡೆ ಟ್ರ್ಯಾಕ್ ಹೊರುವ ಪುಟ್ಟ ಗಾಲಿಗಳಿಲ್ಲ. ಟ್ರ್ಯಾಕ್ ನೇರವಾಗಿ ಐದು ದೊಡ್ಡ ಚಕ್ರಗಳ ನೆತ್ತಿಯ ಮೇಲೆ ಮಲಗುತ್ತದೆ, ಚಕ್ರ ಚಕ್ರದ ನಡುವೆ ಸ್ವಲ್ಪ ಜೋಲುತ್ತದೆ. ಮೊದಲನೇ ಚಕ್ರಕ್ಕೂ ಎರಡನೆಯದಕ್ಕೂ ನಡುವೆ ಅಂತರ ಜಾಸ್ತಿ, ಅಲ್ಲಿ ಜೋಲು ಎದ್ದು ಕಾಣುತ್ತದೆ. ಆ ಜೋಲು ಬರೋದು ಭಾರದಿಂದ. ಹಾಗಾಗಿ ಒಂದೊಂದೇ ಕೊಂಡಿ ಸೇರಿಸಿ ತಂತಿಯಿಂದ ಪೋಣಿಸುವ ಲೋಹದ ಟ್ರ್ಯಾಕ್ ತರಿಸಿದೆ. ಒಂದು ಕಡೆಗೆ ತೊಂಬತ್ತು ಕೊಂಡಿ ಹತ್ತಿರ. ಪ್ರತಿ ಕೊಂಡಿಯ ತೂತನ್ನೂ ಸಣ್ಣ ಡ್ರಿಲ್‌ನಿಂದ ಬಿಡಿಸಿ, ತಂತಿ ತೂರಿಸಿ, ಕತ್ತರಿಸಿ, ತುದಿಗೆ ಅಂಟು ಮುಟ್ಟಿಸಿ... ಸಂಜೆ ಹೊತ್ತು ರೇಡಿಯೊ ಹಾಕಿಕೊಂಡು ಮಾಡೋ ಕೆಲಸ ಇದು. ಬೆಲೆಯೂ ಜಾಸ್ತಿ, ಆದರೂ ನಾನು ಇದನ್ನೇ ಹೇಳ್ತೇನೆ. ಓಡುವಾಗ ಬರೋ ಆ ಸಣ್ಣ ಕಿಣಿಕಿಣಿ ಸದ್ದಿಗೇ ಇದು ಬೇಕು.

ತೂಕದ ಲೆಕ್ಕವೂ ಚೆನ್ನಾಗಿದೆ ನೋಡಿ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 36 ಟನ್ನನ್ನು 35ರಿಂದ ಮೂರು ಸಲ ಭಾಗಿಸಿದರೆ 840 ಗ್ರಾಂ ಬರುತ್ತದೆ. ನಮ್ಮ ಪ್ಲಾಸ್ಟಿಕ್ ಟ್ಯಾಂಕ್ ಅದರ ಅರ್ಧವೂ ತೂಗೋದಿಲ್ಲ. ಪೂರ್ತಿ ಅಷ್ಟು ತುಂಬಿದರೆ ಮೋಟಾರಿಗೆ ಕಷ್ಟ. ಮೋಟಾರುಗಳ ಭಾರ ಹಿಂದಿದೆ, ಅದಕ್ಕೆ ಸರಿದೂಗಲಿ ಅಂತ ಮುಂಭಾಗದ ತಳದಲ್ಲಿ ಮೀನು ಹಿಡಿಯೋ ಗಾಳಕ್ಕೆ ಕಟ್ಟುವ ಸೀಸದ ಗುಂಡು ಇಟ್ಟು ಅಂಟಿಸಿದೆ. ಆಮೇಲೆ ಪುಸ್ತಕದ ಮೇಲೆ ಹತ್ತುವಾಗ ಮೂತಿ ಮೇಲೆದ್ದು ಹಿಂದಕ್ಕೆ ವಾಲೋದು ನಿಂತಿತು.

ವಿದ್ಯುತ್ ಭಾಗ ಬೇಗ ಹೇಳಿಬಿಡ್ತೇನೆ. ಒಂದು 500 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ, ಮೋಟಾರಿಗೆ ಕರೆಂಟ್ ಕೊಟ್ಟು ನಿಯಂತ್ರಿಸುವ ಡಿಆರ್‌ವಿ8833 ಡ್ರೈವರ್, ಬ್ಲೂಟೂತ್‌ಗೆ ಇಎಸ್‌ಪಿ32-ಸಿ3ಯ ಅತಿ ಸಣ್ಣ ಬೋರ್ಡು. ಡ್ರೈವರ್ ಅಂದ ಕೂಡಲೇ ಎಲ್ಲರೂ ಎಲ್298 ಹೆಸರು ಹೇಳ್ತಾರೆ, ದಯವಿಟ್ಟು ಅದು ಬೇಡ. ಅದು ಒಳಗೇ ಎರಡು ವೋಲ್ಟ್ ಹತ್ತಿರ ನುಂಗುತ್ತದೆ. 3.7ರಲ್ಲಿ ಎರಡು ಹೋದರೆ ಮೋಟಾರಿಗೆ ಏನು ಉಳಿಯಿತು? ಡಿಆರ್‌ವಿ8833 2.7 ವೋಲ್ಟ್‌ನಿಂದಲೇ ಕೆಲಸ ಮಾಡುತ್ತದೆ. ಚಾರ್ಜ್ ಮಾಡೋಕೆ ಟಿಪಿ4056 ಬೋರ್ಡು ಹಾಕುವವರು ಇದನ್ನು ಗಮನಿಸಲೇಬೇಕು: ಅಂಗಡಿಯಿಂದ ಬರುವಾಗ ಅದು 1 ಆಂಪಿಯರ್‌ನಲ್ಲಿ ಚಾರ್ಜ್ ಮಾಡುವಂತೆ ಇರುತ್ತದೆ. ನಮ್ಮ ಪುಟ್ಟ ಬ್ಯಾಟರಿಗೆ ಅದು ಬಹಳ ಜಾಸ್ತಿ, ಬಿಸಿಯಾಗಿ ಉಬ್ಬುತ್ತದೆ. ಬೋರ್ಡಿನ ಮೇಲೆ 1.2 ಕಿಲೋಓಮ್‌ನ ಒಂದು ರೆಸಿಸ್ಟರ್ ಇದೆ, ಅದನ್ನು ತೆಗೆದು 4.7 ಕಿಲೋಓಮ್ ಹಾಕಿದರೆ 250 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಬ್ಯಾಟರಿ ಪ್ಲಾಸ್ಟಿಕ್ ಡಬ್ಬಿಯೊಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಇರುತ್ತದೆ. ಇಲ್ಲಿ ಉದಾಸೀನ ಮಾಡಬೇಡಿ.

ಮೊದಲ ಸಲ ಎಲ್ಲ ಜೋಡಿಸಿ ಓಡಿಸಿದಾಗ ಟ್ಯಾಂಕ್ ಹೊರಟ ಕ್ಷಣವೇ ಬ್ಲೂಟೂತ್ ಕಡಿದುಹೋಗುತ್ತಿತ್ತು. ಎರಡು ಮೋಟಾರ್ ಒಟ್ಟಿಗೆ ನಿಂತ ಸ್ಥಿತಿಯಿಂದ ಎದ್ದಾಗ ಕರೆಂಟನ್ನು ಒಮ್ಮೆಲೇ ಎಳೆಯುತ್ತವೆ, ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ರೀಸೆಟ್ ಆಗುತ್ತದೆ. 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೋರ್ಡಿನ ಪಕ್ಕದಲ್ಲೇ ಹಾಕಿದೆ, ಪ್ರತಿ ಮೋಟಾರಿನ ಟರ್ಮಿನಲ್ ಮೇಲೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಬೆಸೆದೆ. ನಿಜವಾದ ಪರಿಹಾರ ಸಿಕ್ಕಿದ್ದು ಬೋರ್ಡಿಗೆ ಬರೆದ ಕೋಡ್‌ನಲ್ಲಿ. ಬಟನ್ ಒತ್ತಿದ ಕೂಡಲೇ ಪೂರ್ತಿ ವೇಗ ಕೊಡದೆ ಒಂದೂವರೆ ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿದೆ, ಇಳಿಸುವಾಗಲೂ ಹಾಗೆಯೇ. ರೀಸೆಟ್ ನಿಂತಿತು. ಜೊತೆಗೆ ಟ್ಯಾಂಕಿಗೆ ತೂಕ ಬಂದ ಹಾಗಾಯಿತು. 36 ಟನ್ ಗಾಡಿ ಎಳೆದುಕೊಂಡು ಹೊರಡೋದು ಹಾಗೇ ತಾನೇ!

ಇನ್ನು ದೀಪ. ನನಗೆ ಅತಿ ಇಷ್ಟವಾದ ಭಾಗ ಇದು. ಎಲ್‌ಇಡಿಗಳು 0603 ಅಳತೆಯವು, 1.6 ಮಿ.ಮೀ. ಉದ್ದ, 0.8 ಅಗಲ. ಸಾಸಿವೆ ಕಾಳಿನ ಗಾತ್ರ. ಇವಕ್ಕೆ ಮಾಮೂಲಿ ವೈರು ಆಗೋದಿಲ್ಲ, ಎನಾಮಲ್ ಲೇಪದ ತೆಳು ತಾಮ್ರದ ತಂತಿ ಬೇಕು. ಅದಕ್ಕೆ ಆನ್‌ಲೈನ್‌ನಲ್ಲಿ ಹುಡುಕಬೇಕಿಲ್ಲ, ಪಂಪು, ಫ್ಯಾನು ರಿಪೇರಿ ಮಾಡುವ ವೈಂಡಿಂಗ್ ಅಂಗಡಿಗೆ ಹೋಗಿ.

"ಅಣ್ಣಾ, 40 ಗೇಜ್ ತಂತಿ ಸ್ವಲ್ಪ ಸಿಗುತ್ತಾ?"

"ಎಷ್ಟು ಬೇಕು ಸಾರ್? ನಾವು ಇದನ್ನ ತೂಕಕ್ಕೆ ತರೋದು."

"ಹತ್ತು ಮೀಟರ್ ಸಾಕಣ್ಣ. ಸಣ್ಣ ಟ್ಯಾಂಕ್ ಮಾಡ್ತಿದ್ದೀನಿ, ಅದರ ಲೈಟಿಗೆ."

ಅವರು ನನ್ನ ಮೊಬೈಲಿನಲ್ಲಿ ಫೋಟೋ ನೋಡಿ, ಬೀಡಿ ಪೊಟ್ಟಣದ ರಟ್ಟಿಗೆ ಹತ್ತು ಮೀಟರಿಗಿಂತ ಎಷ್ಟೋ ಜಾಸ್ತಿ ಸುತ್ತಿಕೊಟ್ಟರು. ದುಡ್ಡು ಮುಟ್ಟಲಿಲ್ಲ. "ಓಡಿದ ಮೇಲೆ ತಂದು ತೋರಿಸಿ ಸಾರ್" ಅಂದರು. 40 ಗೇಜ್ ಅಂದರೆ 0.12 ಮಿ.ಮೀ., ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ.

ಬೆಸೆಯೋ ವಿಧಾನ ಹೀಗಿದೆ. ಒಂದು ಟೈಲ್ಸ್ ತುಂಡಿನ ಮೇಲೆ ಎರಡು ಕಡೆ ಅಂಟಿರೋ ಟೇಪ್ ಹಚ್ಚಿ, ಎಲ್‌ಇಡಿಯನ್ನು ಬೋರಲಾಗಿ ಇಡಬೇಕು. ತಂತಿಯ ತುದಿಯ ಎನಾಮಲ್ ಬ್ಲೇಡಿನಿಂದ ಕೆರೆದು, ಮೊದಲೇ ಬೆಸುಗೆ ಸೀಸ (ಸೋಲ್ಡರ್) ಹಿಡಿಸಿಕೊಳ್ಳಬೇಕು. ಎಲ್‌ಇಡಿಯ ಪ್ಯಾಡಿಗೆ ಬೆಸುಗೆ ಚೆನ್ನಾಗಿ ಹಿಡಿಸುವ ಫ್ಲಕ್ಸ್ ಮುಟ್ಟಿಸಿ, ತಂತಿಯನ್ನು ಅದರ ಮೇಲೆ ಒರಗಿಸಿ, ಕಾದ ಸೋಲ್ಡರಿಂಗ್ ಐರನ್ ತುದಿ ಒಂದು ಸೆಕೆಂಡ್ ಮುಟ್ಟಿಸಿ ತೆಗೆದರೆ ಆಯಿತು. ಎರಡನೇ ತಂತಿ ಬೆಸೆದ ಮೇಲೆ ಮಲ್ಟಿಮೀಟರನ್ನು ಡಯೋಡ್‌ಗೆ ಇಟ್ಟು ನೋಡಿ, ಅದು ಮಿಣುಕಿದರೆ ಯಾವುದು ಪ್ಲಸ್ ಅಂತಲೂ ಆಗಲೇ ಗೊತ್ತಾಗುತ್ತದೆ. ಇದೆಲ್ಲ ಟ್ಯಾಂಕಿನಿಂದ ದೂರದಲ್ಲೇ ನಡೆಯಬೇಕು. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಅದು 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಐರನ್ 350ರಲ್ಲಿ ಇರುತ್ತದೆ.

ಟಿ-55ರ ಮುಂದಿನ ದೀಪಗಳು ಎರಡೂ ಒಂದೇ ಕಡೆ, ಟ್ಯಾಂಕಿನ ಬಲಗಡೆ ಇಳಿಜಾರು ತಗಡಿನ ಮೇಲೆ ಕಬ್ಬಿಣದ ಬೇಲಿಯೊಳಗೆ ಇವೆ. ಒಂದು ಮಾಮೂಲಿ ಬಿಳಿ ಬೆಳಕಿನದು, ಇನ್ನೊಂದು ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕಿನದು. ಆ ತಗಡಿನ ಮೇಲೆ ದೀಪಕ್ಕೆ ವೈರು ಹೋಗೋದು ಸಣ್ಣ ಲೋಹದ ಕೊಳವೆಯೊಳಗೆ. ಅದನ್ನೇ ಮಾಡಬೇಕು ಅಂತ ಮೆಡಿಕಲ್ ಸ್ಟೋರಿನಿಂದ 23 ಗೇಜ್ ಇಂಜೆಕ್ಷನ್ ಸೂಜಿ ತಂದೆ. ಹೊರ ಅಳತೆ 0.64 ಮಿ.ಮೀ., 35ರಿಂದ ಗುಣಿಸಿದರೆ 22 ಮಿ.ಮೀ. ಕೊಳವೆ. ಒಳಗೆ ಎರಡು ತಂತಿ ಸರಿಯಾಗಿ ಹೋಗುತ್ತವೆ. ಮೊನೆ ಕತ್ತರಿಸಿದ ಮೇಲೆ ಬಾಯಿಯನ್ನು ಅರದಿಂದ ನುಣುಪು ಮಾಡಲೇಬೇಕು, ಇಲ್ಲವಾದರೆ ಅಂಚು ಎನಾಮಲ್ ಸುಲಿದು ಶಾರ್ಟ್ ಆಗುತ್ತದೆ. ಬಣ್ಣ ಹಚ್ಚಿದ ಮೇಲೆ ಅದು ಟ್ಯಾಂಕಿನದೇ ಭಾಗ, ವೈರಿಂಗ್ ಅಂತ ಯಾರಿಗೂ ತಿಳಿಯೋದಿಲ್ಲ.

ಬೆಳಕಿನ ಬಣ್ಣದ ಬಗ್ಗೆ ಹೇಳಲೇಬೇಕು. ಆ ಕಾಲದ ದೀಪದಲ್ಲಿ ಇದ್ದದ್ದು ತಂತಿ ಬಲ್ಬು. ಟ್ಯೂಬ್‌ಲೈಟಿನಂಥ ನೀಲಿ ಬಿಳುಪು ಅಲ್ಲಿ ಇರಲೇ ಇಲ್ಲ. ವಾರ್ಮ್ ವೈಟ್ ಎಲ್‌ಇಡಿ ಮಾತ್ರ ತಗೊಳ್ಳಿ, ಅದರ ಮೇಲೂ ಪಾರದರ್ಶಕ ಹಳದಿ ಬಣ್ಣ ತೆಳುವಾಗಿ ಕೊಟ್ಟರೆ ಇನ್ನೂ ಚೆನ್ನ. ರೆಸಿಸ್ಟರ್ ಲೆಕ್ಕದ ಪ್ರಕಾರ 150 ಓಮ್ ಸಾಕಾಗುತ್ತದೆ, ಆದರೆ ಅಷ್ಟರಲ್ಲಿ ಕಣ್ಣು ಕುಕ್ಕುತ್ತದೆ. ನಾನು 1 ಕಿಲೋಓಮ್ ಹಾಕಿದೆ. ಹಗಲಲ್ಲಿ ಹತ್ತಿದೆಯೋ ಇಲ್ಲವೋ ಅನ್ನಿಸಬೇಕು, ರಾತ್ರಿ ರೂಮಿನ ಲೈಟ್ ಆರಿಸಿದರೆ ಟ್ಯಾಂಕಿನ ಮುಂದೆ ಒಂದು ಗೇಣು ನೆಲ ಬೆಳಗಬೇಕು. ತಂತಿ ಬಲ್ಬು ಥಟ್ಟನೆ ಹತ್ತೋದಿಲ್ಲ, ಥಟ್ಟನೆ ಆರೋದೂ ಇಲ್ಲ. ಆದ್ದರಿಂದ ಕೋಡ್‌ನಲ್ಲಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೆಳಕು ಏರುವ ಹಾಗೆ ಮಾಡಿದೆ. ಇಂಜಿನ್ ಸ್ಟಾರ್ಟ್ ಆಗುವಾಗ ಎಲ್ಲ ದೀಪ ಒಂದು ಕ್ಷಣ ಮಂಕಾಗುವಂತೆಯೂ ಇಟ್ಟಿದ್ದೇನೆ. ನಮ್ಮ ಹಳೇ ಜೀಪುಗಳಲ್ಲಿ ಇದನ್ನು ಎಲ್ಲರೂ ನೋಡಿರ್ತೀರಿ. ದೀಪದ ಡಬ್ಬಿಯ ಒಳಗೆ ಮೊದಲು ಕಪ್ಪು, ಅದರ ಮೇಲೆ ಬೆಳ್ಳಿ ಬಣ್ಣ ಕೊಡದಿದ್ದರೆ ಪ್ಲಾಸ್ಟಿಕ್ಕೇ ಹೊಳೆಯುತ್ತದೆ.

ಟರೆಟ್ ಮೇಲೆ ತೋಪಿನ ಬಲಕ್ಕೆ ಒಂದು ದೊಡ್ಡ ದೀಪ ಇದೆ, ಹೆಸರು ಲೂನಾ. ನೋಡಿದವರೆಲ್ಲ ಅದಕ್ಕೆ ಬಿಳಿ ಎಲ್‌ಇಡಿ ಹಾಕಿ ಅಂತಾರೆ. ಆದರೆ ಅದು ಇನ್‌ಫ್ರಾರೆಡ್ ಸರ್ಚ್‌ಲೈಟ್. ಬರಿಗಣ್ಣಿಗೆ ಕಾಣದ ಬೆಳಕು ಬಿಟ್ಟು, ಗನ್ನರ್ ತನ್ನ ರಾತ್ರಿ ದುರ್ಬೀನಿನಲ್ಲಿ ಗುರಿ ನೋಡೋಕೆ ಇಟ್ಟದ್ದು. ಹಾಗಾಗಿ ನಾನು ಅಲ್ಲಿ ನಿಜವಾದ ಇನ್‌ಫ್ರಾರೆಡ್ ಎಲ್‌ಇಡಿಯನ್ನೇ ಹಾಕಿದೆ, 850 ನ್ಯಾನೋಮೀಟರ್‌ನದು, 220 ಓಮ್ ರೆಸಿಸ್ಟರ್ ಜೊತೆ. ಕತ್ತಲಲ್ಲಿ ನೇರ ನೋಡಿದರೆ ಕೆಂಡ ಆರುವ ಮುಂಚಿನ ಕೆಂಪು ಒಂದು ಚೂರು ಕಾಣುತ್ತದೆ, ಅಷ್ಟೇ. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಬಿಳುಪಿನಲ್ಲಿ ಧಗ್ಗನೆ ಉರಿಯುತ್ತಿರುತ್ತದೆ. ಮನೆಗೆ ಬಂದವರಿಗೆಲ್ಲ ಇದನ್ನು ತೋರಿಸದೆ ಬಿಡೋದಿಲ್ಲ ನಾನು. ಫೋನ್ ಹಿಡಿದು ನೋಡಿದವರಿಗೆ ರಾತ್ರಿ ಯುದ್ಧ ಅಂದ್ರೆ ಏನು ಅಂತ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಎದುರಿನವನ ಹತ್ತಿರವೂ ಅದೇ ಥರದ ದುರ್ಬೀನು ಇದ್ದರೆ ಈ ದೀಪ ಹಚ್ಚಿದವನೇ ಮೊದಲು ಸಿಕ್ಕಿಬೀಳ್ತಾನೆ ಅನ್ನೋದೂ.

ಟರೆಟ್ ತಿರುಗಿಸೋಕೆ ಎಲ್ಲರಿಗೂ ಗೊತ್ತಿರೋ 9 ಗ್ರಾಂ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಹಿಡಿಯಲಿಲ್ಲ. ಮೈಯ ಎತ್ತರವೇ ಮೂರು ಸೆಂಟಿಮೀಟರ್ ಇಲ್ಲ, ಸರ್ವೊ ಅಷ್ಟೇ ಎತ್ತರ ಇದೆ. ಇನ್ನೂ ಪುಟ್ಟದು, 3.7 ಗ್ರಾಂದು ಹಾಕಿದೆ. ದೀಪದ ತಂತಿಗಳು ಟರೆಟ್ ನಡುವಿನಿಂದ ಕೆಳಗೆ ಇಳಿಯುವುದರಿಂದ ಪೂರ್ತಿ ಸುತ್ತು ಬಿಟ್ಟರೆ ಹೊಸೆದುಕೊಂಡು ಕಡಿಯುತ್ತವೆ. ಎಡಕ್ಕೂ ಬಲಕ್ಕೂ 80 ಡಿಗ್ರಿ ಮಾತ್ರ ಬಿಟ್ಟಿದ್ದೇನೆ. ತಿರುಗುತ್ತಲೇ ಕರೆಂಟ್ ದಾಟಿಸುವ ಸ್ಲಿಪ್ ರಿಂಗ್ ಹಾಕಿದರೆ ಪೂರ್ತಿ ಸುತ್ತಬಹುದು, ಆದರೆ ಅದು ಬ್ಯಾಟರಿಯ ಜಾಗ ತಿನ್ನುತ್ತದೆ. ಮೇಲಿನ ಮುಚ್ಚಳಕ್ಕೆ ಅಂಟು ಹಾಕಿಲ್ಲ, 3 ಮಿ.ಮೀ. ಅಯಸ್ಕಾಂತಗಳು ಹಿಡಿದುಕೊಂಡಿವೆ. ಒಳಗೆ ಏನಾದರೂ ಆದರೆ ಉಗುರಿನಲ್ಲಿ ಎತ್ತಿದರೆ ಸಾಕು.

ತಿರುಗಿಸೋ ರೀತಿಯನ್ನು ಕೊನೆಗೆ ಸರಿ ಮಾಡಿದೆ. ಎರಡು ಮೋಟಾರ್ ಇದ್ದಾಗ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಓಡಿಸಿದರೆ ಟ್ಯಾಂಕ್ ನಿಂತಲ್ಲೇ ಬುಗುರಿಯಾಗುತ್ತದೆ. ಆದರೆ ಟಿ-55ಗೆ ಅದು ಬರೋದಿಲ್ಲ. ಅದರ ಗೇರಿನ ವ್ಯವಸ್ಥೆಯಲ್ಲಿ ಒಂದು ಟ್ರ್ಯಾಕಿಗೆ ಬ್ರೇಕ್ ಹಾಕಿ ಇನ್ನೊಂದನ್ನು ಓಡಿಸಿ ತಿರುಗಬೇಕು. ಕೋಡ್‌ನಲ್ಲಿ ವಿರುದ್ಧ ದಿಕ್ಕನ್ನು ಮುಚ್ಚಿಹಾಕಿದೆ. ಈಗ ಅದು ಒಂದು ಟ್ರ್ಯಾಕಿನ ಮೇಲೆ ಊರಿಕೊಂಡು, ಇನ್ನೊಂದರಿಂದ ನೆಲ ಕೆರೆಯುತ್ತಾ ಅಗಲವಾಗಿ ತಿರುಗುತ್ತದೆ. ಅಕ್ಕನ ಮಗ ಓಡಿಸಿ ನೋಡಿ, "ಮಾಮಾ, ಇದು ಯಾಕೆ ಇಷ್ಟು ನಿಧಾನ?" ಅಂದ. ಮಡಿಕೇರಿಯ ಫೋಟೋ ತೋರಿಸಿ ಇದರ ತೂಕ ಎಷ್ಟು ಗೊತ್ತಾ ಅಂತ ಹೇಳಿದೆ. ಆಮೇಲೆ ಅವನೇ ದಿಂಬು, ಪುಸ್ತಕ ಇಟ್ಟು ಗುಡ್ಡ ಮಾಡಿ ಮೆಲ್ಲಗೆ ಹತ್ತಿಸೋಕೆ ಶುರು ಮಾಡಿದ. ಒಂದು ಚಾರ್ಜಿಗೆ ಸುಮಾರು ಒಂದು ಗಂಟೆ ಓಡುತ್ತದೆ. ವೈಂಡಿಂಗ್ ಅಂಗಡಿಗೂ ತೆಗೆದುಕೊಂಡು ಹೋಗಿ ಕೌಂಟರಿನ ಮೇಲೆ ಓಡಿಸಿ ಬಂದೆ.

ಮುಂದಿನದು ಸೆಂಚೂರಿಯನ್. 1965ರಲ್ಲಿ ಅಸಲ್ ಉತ್ತರ್‌ನಲ್ಲಿ, 1971ರಲ್ಲಿ ಬಸಂತರ್‌ನಲ್ಲಿ ನಮ್ಮವರು ಹೋರಾಡಿದ ಟ್ಯಾಂಕ್. ಅದರ ಸ್ಪ್ರಾಕೆಟ್ ಕೂಡ ಹಿಂದೆಯೇ ಇದೆ, ಎನ್20 ಜೋಡಿ ಹಾಗೇ ಕೂರುತ್ತದೆ. ಪಕ್ಕದಲ್ಲಿ ತಗಡಿನ ಪರದೆ ಇರೋದರಿಂದ ಟ್ರ್ಯಾಕಿನ ಮೇಲ್ಭಾಗ ಕಾಣೋದೇ ಇಲ್ಲ, ಲೋಹದ ಟ್ರ್ಯಾಕಿಗೆ ದುಡ್ಡು ಹಾಕಬೇಕಿಲ್ಲ. ವೇಗ ಟಿ-55ಗಿಂತ ಕಮ್ಮಿ, ಗಂಟೆಗೆ 35 ಕಿ.ಮೀ. ಹತ್ತಿರ, ಆದ್ದರಿಂದ 150 ಆರ್‌ಪಿಎಂ ಮೋಟಾರ್ ಹುಡುಕಬೇಕು. ಅದರ ಮೆರಿಟ್-ಬ್ರೌನ್ ಗೇರ್‌ಬಾಕ್ಸ್‌ಗೆ ನಿಂತಲ್ಲೇ ತಿರುಗೋಕೆ ಬರುತ್ತದೆ, ಹಾಗಾಗಿ ಕೋಡ್‌ನಲ್ಲಿ ಮುಚ್ಚಿದ ಆ ಭಾಗವನ್ನು ಮತ್ತೆ ತೆರೆಯುತ್ತೇನೆ.